ಯಾವ ಬೇಜಾರು?

ಹದಿನಾಲ್ಕು ವರ್ಷ ವಿಡಿಯೋ ಗೇಮುಗಳ ಬಗ್ಗೆ ಬರೆದು ಬದುಕಿದ್ದ ವನಮಾಲಾ ಕುಬಸದಳಿಗೆ ಈಗ ಬಾಯಿ ಮುಚ್ಚಿಕೊಂಡು ಆಡುವುದಕ್ಕೆ ಸಂಬಳ ಸಿಗುತ್ತಿತ್ತು. ಇದು ಕುಹಕವಲ್ಲ, ಕೆಲಸಕ್ಕೆ ಸೇರಿದ ದಿನವೇ ಓದಿ ಹೇಳಿದ್ದ ನಿಯಮ: ಧಾರಕರು ಆಟದ ವೇಳೆಯಲ್ಲಾಗಲಿ, ನಂತರವಾಗಲಿ ಅಭಿಪ್ರಾಯ ವ್ಯಕ್ತಪಡಿಸತಕ್ಕದ್ದಲ್ಲ. ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲಿದ್ದ ಸವಿಮಾನ ಕೇಂದ್ರದ ಮೇಲಿನ ಮಹಡಿಯಲ್ಲಿ, ಕಿಟಕಿಯಿಲ್ಲದ ಕೋಣೆಯಲ್ಲಿ, ಹಣೆಗೊಂದು ಮಣಿಕಟ್ಟಿಗೊಂದು ಪಟ್ಟಿ ಕಟ್ಟಿಸಿಕೊಂಡು ಆಡುವುದು, ಮುಗಿದ ಮೇಲೆ ಎದ್ದು ಮನೆಗೆ ಹೋಗುವುದು, ಇಷ್ಟೇ ಕೆಲಸ. ವಿಮರ್ಶಕಿ ಎಂಬ ಹೆಸರು ಹೋಗಿ ಧಾರಕಿ, ಅಂದರೆ ಪಟ್ಟಿ ಧರಿಸುವವಳು, ಎಂಬ ಹೆಸರು ಬಂದಿತ್ತು. ಅಂಗಡಿಯ ಗಾಜಿನ ಹಿಂದೆ ಸೀರೆ ಉಟ್ಟು ನಿಂತ ಗೊಂಬೆಗೂ ತನಗೂ ಏನು ಫರಕು ಎಂದು ಅವಳು ಆಗಾಗ ಯೋಚಿಸುತ್ತಿದ್ದಳು. ಗೊಂಬೆಗೆ ಬೆನ್ನುನೋವು ಬರುವುದಿಲ್ಲ ಎಂಬುದೊಂದೇ ಹೊಳೆಯುತ್ತಿತ್ತು.

ಪಟ್ಟಿಯ ಪೂರ್ತಿ ಹೆಸರು ಸವಿಪಟ್ಟಿ. ಬಾಯಿ ಸುಳ್ಳು ಹೇಳಬಹುದು, ಮೈ ಹೇಳುವುದಿಲ್ಲ ಎಂಬ ಒಂದೇ ನಂಬಿಕೆಯ ಮೇಲೆ ಅದು ನಿಂತಿತ್ತು. ಚರ್ಮದ ತೇವ, ನಾಡಿಯ ಬಡಿತ, ಉಸಿರಿನ ಉದ್ದ, ಕಣ್ಣಪಾಪೆಯ ಹಿಗ್ಗು ಕುಗ್ಗು, ಬೆರಳ ತುದಿಯ ಒತ್ತಡ, ಎಲ್ಲವನ್ನೂ ಕ್ಷಣಕ್ಷಣಕ್ಕೆ ಹಿಡಿದು ಕೆಳಮಹಡಿಯ ಯಂತ್ರಕ್ಕೆ ಕಳಿಸುತ್ತಿತ್ತು. ಯಂತ್ರ ಅವನ್ನು ಖುಷಿ, ಭಯ, ಬೇಜಾರು ಎಂದು ವಿಂಗಡಿಸಿ, ಕೂಡಿ ಕಳೆದು, ಹತ್ತಕ್ಕೆ ಇಷ್ಟು ಎಂದು ಅಂಕ ಕೊಡುತ್ತಿತ್ತು. ಅಂಕ ಐದಕ್ಕಿಂತ ಕೆಳಗಿಳಿದರೆ ಆ ಆಟವನ್ನು ಯಾವ ಆನ್‌ಲೈನ್ ಅಂಗಡಿಯೂ ಮುಟ್ಟುತ್ತಿರಲಿಲ್ಲ. ಹಾಗೆಂದು ಕೇಂದ್ರಕ್ಕೆ ಕರುಣೆ ಇಲ್ಲವೆನ್ನುವಂತಿಲ್ಲ. ಕೆಳಗಿಳಿದ ಆಟಗಳಿಗೆ ದುರಸ್ತಿಯ ಸೌಲಭ್ಯವಿತ್ತು. ಧಾರಕಿಯ ಮೈ ಎಲ್ಲೆಲ್ಲಿ ಬೇಜಾರುಪಟ್ಟಿತೋ ಆ ಜಾಗಗಳನ್ನು ಯಂತ್ರವೇ ಕತ್ತರಿಸಿ, ಬೇಜಾರಾಗದಂಥ ತೇಪೆ ಹಾಕಿ ಹೊಲಿದು ಕೊಡುತ್ತಿತ್ತು.

ಪಟ್ಟಿ ಬರುವ ಮೊದಲು ಎಲ್ಲ ಸರಿಯಾಗಿತ್ತು ಎಂದೇನಲ್ಲ. ವನಮಾಲಾಳಿಗೆ ಆ ಕಾಲ ನೆನೆದರೂ ತಲೆ ಚಿಟ್ಟು ಹಿಡಿಯುತ್ತಿತ್ತು. ಚಿತ್ರ ಚೆನ್ನಾಗಿದೆ, ಸದ್ದು ಚೆನ್ನಾಗಿದೆ, ಕಥೆ ಪರವಾಗಿಲ್ಲ, ಏಳು ಅಂಕ ಎಂದು ಫ್ರಿಜ್ ಕೊಳ್ಳುವವರಿಗೆ ಸಲಹೆ ಕೊಡುವ ಹಾಗೆ ಬರೆಯುವವರು ತುಂಬಿಕೊಂಡಿದ್ದರು. ಆಟದ ಕಂಪನಿ ಗೋವಾಕ್ಕೆ ಕರೆದೊಯ್ದು ಊಟ ಹಾಕಿದರೆ ಏಳು ಒಂಬತ್ತಾಗುತ್ತಿತ್ತು. ಓದುಗರೇನು ಕಡಿಮೆಯೇ? ಇಡೀ ಬರಹ ಬಿಟ್ಟು ಕೊನೆಯ ಅಂಕ ಮಾತ್ರ ನೋಡಿ, ಎಂಟೂವರೆ ಯಾಕೆ ಒಂಬತ್ತು ಯಾಕಲ್ಲ ಎಂದು ಅವಳ ತಾಯಿ ತಂದೆಯನ್ನೆಲ್ಲ ಎಳೆತಂದು ಬೈಯುತ್ತಿದ್ದರು. ಆದ್ದರಿಂದ ಪಟ್ಟಿ ಬಂದು ವಿಮರ್ಶಕರೆಲ್ಲ ಮನೆಗೆ ಹೋದಾಗ ಯಾರೂ ಒಂದು ತೊಟ್ಟು ಕಣ್ಣೀರು ಹಾಕಲಿಲ್ಲ.

ಆ ಗದ್ದಲದಲ್ಲೂ ಅವಳು ಒಂದು ಹಟ ಹಿಡಿದು ಬರೆದಿದ್ದಳು. ಆಡುವಾಗ ತನಗೆ ಏನಾಯಿತು, ಯಾಕಾಯಿತು ಎಂಬುದನ್ನು ಬಿಡಿಸಿ ಹೇಳಬೇಕು. ತನಗೆ ಸೇರದ್ದು ಇನ್ನೊಬ್ಬರಿಗೆ ಸೇರಬಹುದೇ ಎಂದು ಓದಿದವರಿಗೆ ಗೊತ್ತಾಗಬೇಕು. ಒಮ್ಮೆ ಮೀನು ಹಿಡಿಯುವ ಆಟವೊಂದನ್ನು ಅವಳು ಹಿಗ್ಗಾಮುಗ್ಗಾ ಬೈದಾಗ ದಾಂಡೇಲಿಯ ಓದುಗರೊಬ್ಬರು ಬರೆದಿದ್ದರು: "ನೀವು ಎಷ್ಟು ಚಂದ ಬೈದೀರಿ ಅಂದ್ರ, ಇದು ನನಗ ಬೇಕಾದ ಆಟ ಅಂತ ಗೊತ್ತಾಗಿ ಇವತ್ತs ತೊಗೊಂಡೆ." ತನ್ನ ಜನ್ಮದಲ್ಲಿ ಅದಕ್ಕಿಂತ ದೊಡ್ಡ ಹೊಗಳಿಕೆ ಬಂದಿಲ್ಲ ಎಂದು ವನಮಾಲಾ ಇವತ್ತಿಗೂ ನಂಬಿದ್ದಳು.

ಆ ಶುಕ್ರವಾರ ಅವಳ ಮುಂದೆ ಬಂದ ಆಟದ ಹೆಸರು 'ಲಾಟೀನು'. ಮಾಡಿದವನು ಹುಬ್ಬಳ್ಳಿಯವನೇ, ಮೌಲಾಲಿ ನದಾಫ. ಒಬ್ಬನೇ ಕೂತು ಮಾಡಿದ್ದ. ಆಟದಲ್ಲಿ ಹೆಚ್ಚೇನೂ ಇಲ್ಲ. ರೈಲ್ವೆಯಲ್ಲಿದ್ದ ತಂದೆ ತೀರಿಕೊಂಡಿದ್ದಾನೆ, ಕ್ವಾರ್ಟರ್ಸ್ ಖಾಲಿ ಮಾಡಬೇಕು. ಆಡುವವರು ಆ ಮನೆಯ ಮಗ. ಪಾತ್ರೆ ಪಗಡೆ ಚೀಲಕ್ಕೆ ತುಂಬಬೇಕು, ಗೋಡೆಯ ಮೊಳೆ ಕೀಳಬೇಕು, ಲಾರಿ ಹತ್ತಿಸಬೇಕು. ಕ್ವಾರ್ಟರ್ಸಿನ ಬಾಗಿಲ ಪಕ್ಕದ ಗೋಡೆಯಲ್ಲಿ ಒಂದು ಗೂಡು. ತಂದೆ ಕೆಲಸದಿಂದ ಬಂದೊಡನೆ ತನ್ನ ಕೈಲಾಟೀನನ್ನು ಇಡುತ್ತಿದ್ದುದು ಅದರಲ್ಲೇ. ಕೊನೆಗೆ ಅದನ್ನು ಎತ್ತಿಕೊಂಡು ಹೊರಡುತ್ತೇವೆ.

ಮುಂದಿನದು ಬಾಡಿಗೆಯ ಫ್ಲ್ಯಾಟು. ಒಂದೊಂದೇ ಸಾಮಾನು ಅದರದರ ಜಾಗಕ್ಕೆ ಸೇರುತ್ತದೆ. ಲಾಟೀನು ಮಾತ್ರ ಕೈಯಲ್ಲಿ ಉಳಿಯುತ್ತದೆ. ಹೊಸ ಮನೆಯ ಗೋಡೆಗಳು ಹಲಗೆಯ ಹಾಗೆ ನುಣ್ಣಗಿವೆ, ಗೂಡೇ ಇಲ್ಲ. ಯಾವ ಗುಂಡಿ ಒತ್ತಿದರೂ ಏನೂ ಆಗುವುದಿಲ್ಲ. ಲಾಟೀನು ಹಿಡಿದುಕೊಂಡು ಪಡಸಾಲೆಯಿಂದ ಅಡುಗೆಮನೆಗೆ, ಅಲ್ಲಿಂದ ಮತ್ತೆ ಪಡಸಾಲೆಗೆ ಸುಮ್ಮನೆ ತಿರುಗುವುದು. ಎಷ್ಟೋ ಹೊತ್ತಿನ ಮೇಲೆ ತಾನಾಗಿಯೇ ಪರದೆ ಕಪ್ಪಾಗುತ್ತದೆ, ಆಟ ಮುಗಿಯುತ್ತದೆ.

ವನಮಾಲಾ ಗುಂಡಿ ಒತ್ತುವುದನ್ನೇ ಬಿಟ್ಟು ಕೂತಿದ್ದಳು. ಎದೆಯ ಮೇಲೆ ಯಾರೋ ಮೆಲ್ಲಗೆ ಕೈಯಿಟ್ಟ ಹಾಗಾಗಿತ್ತು. ಇಷ್ಟು ಒಳ್ಳೆಯ ಆಟವನ್ನು ಕಂಡು ಎಷ್ಟೋ ವರ್ಷಗಳಾಗಿದ್ದವು.

ಅವಳು ಇಳಿದು ಬಂದಾಗ ಕೆಳಗೆ ಯಂತ್ರದ ಕೋಣೆಯಲ್ಲಿ ಕೇಂದ್ರದ ಮುಖ್ಯಸ್ಥ ಡಾ. ಪ್ರಭಂಜನ ಮೂರ್ತಿ ಪರದೆ ನೋಡುತ್ತ ನಿಂತಿದ್ದ. ಬೆಂಗಳೂರಿನವನು, ಮೆದು ಮಾತಿನವನು, ತಾನೂ ದಿನವಿಡೀ ಪಟ್ಟಿ ಕಟ್ಟಿಕೊಂಡೇ ಓಡಾಡುವಷ್ಟು ಪ್ರಾಮಾಣಿಕ.

"ಎರಡು ಪಾಯಿಂಟ್ ಮೂರು, ಮೇಡಂ. ಪಾಪ, ನಿಮಗೆ ಹಿಂಸೆ ಆಗಿರಬೇಕು. ಕೊನೇಲಂತೂ ಪೂರ್ತಿ ಬೇಜಾರು. ಬೆರಳು ಅಲ್ಲಾಡಿಲ್ಲ, ಉಸಿರು ನಿಧಾನ, ಕಣ್ಣಲ್ಲಿ ಸ್ವಲ್ಪ ನೀರು. ಆಕಳಿಸಿದ್ರೇನೋ."

ವನಮಾಲಾಳಿಗೆ ತನ್ನ ಕಿವಿಯನ್ನೇ ನಂಬಲಾಗಲಿಲ್ಲ. "ಸರ್, ತಪ್ಪಾಗೇತಿ. ನನಗ ಆ ಆಟ—"

"ಅಭಿಪ್ರಾಯ ಬೇಡ ಮೇಡಂ," ಎಂದ ಪ್ರಭಂಜನ, ಮಕ್ಕಳಿಗೆ ಬಿಸಿ ಹಾಲು ಮುಟ್ಟಬೇಡ ಎನ್ನುವ ದನಿಯಲ್ಲಿ. "ಸೋಮವಾರ ಹೆಬ್ಬೆಟ್ಟು ಒತ್ತಿಬಿಡಿ, ದುರಸ್ತಿಗೆ ಹೋಗುತ್ತೆ."

ವಾರದಲ್ಲಿ ಆಡಿದ ಆಟಗಳಿಗೆಲ್ಲ ಧಾರಕಿ ಸೋಮವಾರ ಗಾಜಿನ ಮೇಲೆ ಹೆಬ್ಬೆಟ್ಟು ಒತ್ತಬೇಕು. 'ಈ ಮೈ ನನ್ನದು, ಇದು ಪಟ್ಟದ್ದು ನಿಜ' ಎಂಬುದಕ್ಕೆ ಅದು ಗುರುತು. ಅದಿಲ್ಲದೆ ಅಂಕಕ್ಕೆ ಬೆಲೆಯಿಲ್ಲ, ಅಂಕವಿಲ್ಲದೆ ದುರಸ್ತಿಯೂ ಇಲ್ಲ. ಪ್ರಭಂಜನನ ಬೆನ್ನ ಹಿಂದೆ ಕಟ್ಟು ಹಾಕಿದ ನಕ್ಷೆಯೊಂದು ತೂಗುತ್ತಿತ್ತು. ಕನ್ನಡ ಮಾತಾಡುವವರು ಲೋಕದ ಬೇರೆಲ್ಲ ಜನರಿಗಿಂತ ಬೇಗ ಬೇಜಾರಾಗುವವರು ಎಂದು ಕೇಂದ್ರ ನಡೆಸಿದ ದೊಡ್ಡ ಅಧ್ಯಯನ ಸಾಬೀತು ಮಾಡಿತ್ತು. ಅಂದಿನಿಂದ ಕನ್ನಡಿಗರಿಗೆಂದು ಬರುವ ಆಟಗಳಲ್ಲಿ ಪಟಾಕಿ ಹೆಚ್ಚು, ಓಟ ಹೆಚ್ಚು, ನಾಣ್ಯಗಳ ಮಳೆ ಹೆಚ್ಚು. ವರ್ಷದಿಂದ ವರ್ಷಕ್ಕೆ ಆಟಗಳು ಯಾಕೆ ಹೀಗೆ ಕಿರುಚುತ್ತಿವೆ ಎಂದು ವನಮಾಲಾ ತಲೆ ಚಚ್ಚಿಕೊಂಡದ್ದೇ ಬಂತು.

ಹೊರಗೆ ಚಹದಂಗಡಿಯ ಬೆಂಚಿನ ಮೇಲೆ ತೆಳ್ಳಗಿನ ಮೂವತ್ತರ ಗಂಡಸೊಬ್ಬ ಫೋನು ಹಿಡಿದು ಕೂತಿದ್ದ. ಅವಳ ಕೊರಳಿನ ಗುರುತಿನ ಚೀಟಿ ನೋಡಿ ಎದ್ದು ಬಂದ.

"ಮೇಡಂ, ನೀವು ಒಳಗ ಕೆಲಸ ಮಾಡ್ತೀರೇನ್ರಿ? ನಾ ಮೌಲಾಲಿ. 'ಲಾಟೀನು' ಅಂತ ಒಂದು ಆಟ ಕೊಟ್ಟೇನ್ರಿ."

ಆಟ ಮಾಡಿದವರ ಜೊತೆ ಧಾರಕರು ಮಾತಾಡಕೂಡದು. ವನಮಾಲಾ ಚೀಟಿಯನ್ನು ಅಂಗೈಯಲ್ಲಿ ಮುಚ್ಚಿಕೊಂಡಳು.

"ಈಗ ಮೆಸೇಜ್ ಬಂತ್ರಿ. ಎರಡೂ ಮೂರಂತ. ದುರಸ್ತಿ ಹೆಂಗ ಮಾಡ್ತಾರಂತ ಚಿತ್ರಾನೂ ಕಳಿಸ್ಯಾರ, ನೋಡ್ರಿ." ಫೋನಿನಲ್ಲಿ ಆ ಫ್ಲ್ಯಾಟಿನ ಪಡಸಾಲೆ ಇತ್ತು. ನುಣ್ಣಗಿದ್ದ ಗೋಡೆಯಲ್ಲಿ ಬಂಗಾರದ ಬಣ್ಣದ ಗೂಡು ಕೊರೆದು, ಅದಕ್ಕೆ ಕುಣಿಯುವ ಬಾಣದ ಗುರುತು ಹಾಕಿದ್ದರು. ಲಾಟೀನು ಇಟ್ಟೊಡನೆ ಮೇಲಿನಿಂದ ನಾಣ್ಯ ಸುರಿಯುತ್ತಿದ್ದವು. "ನಮ್ಮಪ್ಪನ ಲಾಟೀನಿಗೆ ಗೂಡು ಮಾಡಿ ಕೊಡ್ತಾರಂತ್ರಿ. ಗೂಡಿಲ್ಲ ಅನ್ನೂದs ನನ್ನ ಆಟ. ನಾ ದುರಸ್ತಿಗೆ ಒಪ್ಪಿಗಿ ಕೊಟ್ಟs ಕಳಿಸಿದ್ದೆ, ಕೊಡದಿದ್ರ ತೊಗೊಳ್ಳಂಗಿಲ್ಲಲ್ರಿ ಅವ್ರು." ಫೋನನ್ನು ಜೇಬಿಗೆ ತುರುಕಿದ. "ಯಾವ ಕಲ್ಲಿಗೆ ಪಟ್ಟಿ ಕಟ್ಟಿದ್ರೋ ಏನೋ."

ವನಮಾಲಾ ಆಟೋಕ್ಕೆ ಕೈ ಮಾಡಿ ಹತ್ತಿದಳು. ಮುಖ ಬಿಸಿಯಾಗಿತ್ತು. ನಾಚಿಕೆಯೋ ಸಿಟ್ಟೋ ಅವಳಿಗೇ ತಿಳಿಯಲಿಲ್ಲ; ಪಟ್ಟಿ ಇದ್ದಿದ್ದರೆ ಹೇಳುತ್ತಿತ್ತೇನೋ, ಅದೂ ತಪ್ಪಾಗಿ.

ಮನೆಯಲ್ಲಿ ಇನ್ನೊಂದು ಪಟ್ಟಿ ಕಾದಿತ್ತು. ಗಂಡ ಚನ್ನವೀರ ಬ್ಯಾಂಕಿನಲ್ಲಿ ಕ್ಯಾಷಿಯರ್. ಹೊಸ ಸಾಮಾನು ಎಂದರೆ ಸಾಕು, ಬೇಕೋ ಬೇಡವೋ ತಂದು ಬಿಚ್ಚುವವನು. ದೀಪಾವಳಿಯ ರಿಯಾಯಿತಿಯಲ್ಲಿ ಮನೆಬಳಕೆಯ ಸವಿಪಟ್ಟಿ ತಂದಂದಿನಿಂದ ಊಟಕ್ಕೂ ಅದನ್ನು ಕಟ್ಟಿಕೊಂಡೇ ಕೂಡುತ್ತಿದ್ದ. ತುತ್ತು ತುತ್ತಿಗೂ ಅದರ ಪುಟ್ಟ ಗಾಜಿನ ಮೇಲೆ ಅಂಕ ಮೂಡುತ್ತಿತ್ತು.

"ಎಣ್ಣಿಗಾಯಿ ಎಂಟೂ ಒಂದು. ಭಾರಿ ಆಗೇತಿ. ಸಾರು ಸ್ವಲ್ಪ ನಾಕೂ ಆರು ಬಂತು ನೋಡು."

"ಸಾರಿಗೆ ಏನ್ ಆಗೇತ್ರಿ?"

"ನಾ ಏನೂ ಅನ್ನಾಕತ್ತಿಲ್ಲ ವನಮಾಲಾ. ಪಟ್ಟಿ ಅಂತೈತಿ."

"ಉಪ್ಪು ಕಡಿಮಿ ಆಗೇತೋ, ಹುಳಿ ಜಾಸ್ತಿ ಆಗೇತೋ?"

"ಅದು ಹೇಳಂಗಿಲ್ಲದು."

"ನಿಮ್ಮ ನಾಲಗಿ ಏನ್ ಹೇಳತೈತಿ?"

ಚನ್ನವೀರ ಇನ್ನೊಂದು ಗುಟುಕು ಕುಡಿದು, ತನ್ನ ನಾಲಗೆಯನ್ನು ಕೇಳುವ ಬದಲು ಮಣಿಕಟ್ಟು ನೋಡಿಕೊಂಡ. ವನಮಾಲಾ ಸಾರಿನ ಪಾತ್ರೆಯನ್ನು ಎತ್ತಿ ಒಳಗಿಟ್ಟಳು. ಇಪ್ಪತ್ತು ವರ್ಷ ಸಂಸಾರ ಮಾಡಿದ ಗಂಡ ಉಪ್ಪು ಸಾಲದು ಎಂದು ಬೈದಿದ್ದರೂ ಅವಳಿಗೆ ಸಮಾಧಾನವಾಗುತ್ತಿತ್ತು.

ಮರುದಿನ ಬೆಳಿಗ್ಗೆ ಎಣ್ಣೆಯ ಡಬ್ಬಿಯಿಂದ ಬಾಟಲಿಗೆ ಎಣ್ಣೆ ಸುರಿದುಕೊಂಡು ತಿರುಗಿದ ವನಮಾಲಾ ಅಡುಗೆಮನೆಯ ನಡುವೆ ನಿಂತುಬಿಟ್ಟಳು. ಬಾಟಲಿ ಇಡುವ ಜಾಗದಲ್ಲಿ ಅತ್ತೆಯವರು ಉಪ್ಪಿನಕಾಯಿ ಜಾಡಿ ಇಟ್ಟಿದ್ದರು. ಕೈಯಲ್ಲಿ ಬಾಟಲಿ, ಎದುರಿಗೆ ಗೋಡೆ. ಬಾಟಲಿ ಹಿಡಿದು ಆ ಕಡೆ ಒಂದು ಹೆಜ್ಜೆ, ಈ ಕಡೆ ಒಂದು ಹೆಜ್ಜೆ ಇಟ್ಟಳು. ಮೌಲಾಲಿಯ ತಂದೆಯ ಲಾಟೀನು ಅವಳ ಕೈಗೆ ಬಂದಿತ್ತು. ಆಟ ಮುಗಿದು ಒಂದು ರಾತ್ರಿ ಕಳೆದಿದೆ, ಅದು ಮಾತ್ರ ಇನ್ನೂ ನಡೆಯುತ್ತಿದೆ. ಬುಧವಾರ ಆಡಿದ 'ಮಹಾ ಗೋದಾಮು' ಎಂಬ ಚೀಲ ಒಟ್ಟುವ ಆಟವನ್ನು ಆಟೋ ಹತ್ತುವಷ್ಟರಲ್ಲೇ ಮರೆತಿದ್ದಳು. ಪಟ್ಟಿಯನ್ನು ಆಟ ಮುಗಿದ ಕೂಡಲೇ ಬಿಚ್ಚುತ್ತಾರೆ. ಒಳ್ಳೆಯ ಆಟ ಶುರುವಾಗುವುದೇ ಆಗ, ಇದನ್ನು ಆ ಯಂತ್ರಕ್ಕೆ ಯಾರು ಹೇಳಬೇಕು?

ಯಂತ್ರ ತಪ್ಪಿದ್ದಕ್ಕೆ ಕಾರಣ ಮಾತ್ರ ಇನ್ನೂ ಹೊಳೆದಿರಲಿಲ್ಲ. ಅದು ಹೊಳೆದದ್ದು ಭಾನುವಾರ ಸಂಜೆ, ಟಿವಿಯ ಮುಂದೆ.

ಅತ್ತೆ ಬಸಲಿಂಗವ್ವ ವಾರಪೂರ್ತಿ ನೋಡುವ ಧಾರಾವಾಹಿ ಬರುತ್ತಿತ್ತು. ಸೊಸೆ ಗಂಡನ ಮನೆ ಬಿಟ್ಟು ಹೊರಡುವ ದೃಶ್ಯ. ಬಸಲಿಂಗವ್ವ ಅಲ್ಲಾಡದೆ ಕೂತು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದರು. ಚನ್ನವೀರ ತಾಯಿಯ ಕೈಗೂ ಪಟ್ಟಿ ಕಟ್ಟಿದ್ದ.

"ಅವ್ವಾ, ನಿನಗ ಈ ಧಾರಾವಾಹಿ ಸೇರಂಗಿಲ್ಲ ನೋಡು. ಎರಡೂ ಎರಡು."

"ಯಾರಂದ್ರೋ?"

"ಪಟ್ಟಿ."

"ಹಂಗಾರ ಪಟ್ಟಿ ಎದ್ದು ಹೊರಗ ಹೋಗ್ಲಿ. ನಾ ನೋಡ್ತೀನಿ."

"ಎಲ್ಲಾರ ಮನ್ಯಾಗೂ ಹಿಂಗs ಬಂದೈತಂತ. ಬರೋ ತಿಂಗಳ ಇದನ್ನ ತಗದು ಡ್ಯಾನ್ಸ್ ಸ್ಪರ್ಧಾ ಹಾಕ್ತಾರಂತ."

ಬಸಲಿಂಗವ್ವ ಮಗನ ಕಡೆ ತಿರುಗಿಯೂ ನೋಡಲಿಲ್ಲ. "ನೀ ಮಾತಾಡಬ್ಯಾಡ. ಆಕಿ ಹೋಗೂದು ನೋಡಿ ನನಗ ಭಾಳ ಬೇಜಾರಾಗೇತಿ."

ವನಮಾಲಾ ಬಿಡಿಸುತ್ತಿದ್ದ ಅವರೆಕಾಯಿ ಕೈಯಲ್ಲೇ ಉಳಿಯಿತು. ಬೇಜಾರಾಗೇತಿ. ಕರೆಂಟು ಹೋಗಿ ಹೊತ್ತು ಹೋಗದಿದ್ದರೂ ಬೇಜಾರು, ಕರುಳು ಕಿವಿಚಿದರೂ ಬೇಜಾರು. ಒಂದೇ ಪದ ಎರಡು ಮನೆಗಳಲ್ಲಿ ಒಕ್ಕಲು ಕೂತಿದೆ. ಹುಟ್ಟಿದಾಗಿನಿಂದ ಎರಡನ್ನೂ ಒಂದೇ ಬಾಯಲ್ಲಿ ಆಡಿಕೊಂಡು, ಯಾವುದು ಯಾವುದೆಂದು ಒಮ್ಮೆಯೂ ತಪ್ಪದೆ ತಿಳಿದುಕೊಂಡು ಬಂದವಳಿಗೆ ಅದು ಈಗ ಕಂಡಿತು.

ಸೋಮವಾರ ಅವಳು ಮೇಲಿನ ಮಹಡಿಗೆ ಹೋಗದೆ ನೇರ ಯಂತ್ರದ ಕೋಣೆಗೆ ನುಗ್ಗಿದಳು.

"ಸರ್, ಈ ಯಂತ್ರಕ್ಕ ಕನ್ನಡ ಯಾರು ಕಲಿಸಿದ್ರು?"

"ಕನ್ನಡ ಅಲ್ಲ ಮೇಡಂ, ಭಾವ," ಎಂದ ಪ್ರಭಂಜನ. ಯಾರಾದರೂ ಯಂತ್ರದ ಬಗ್ಗೆ ಕೇಳಿದರೆ ಅವನಿಗೆ ಖುಷಿ. "ನಾಡಿನ ಎಲ್ಲ ಕಡೆ ಜನಕ್ಕೆ ಪಟ್ಟಿ ಕಟ್ಟಿ ಏನೇನೋ ತೋರಿಸಿದ್ವಿ, ಆಡಿಸಿದ್ವಿ. ಆಮೇಲೆ ಹೇಗನ್ನಿಸ್ತು ಅಂತ ಕೇಳಿದ್ವಿ. ಅವರು ಹೇಳಿದ ಪದಾನ ಅವರ ಮೈಲಕ್ಷಣಕ್ಕೆ ಜೋಡಿಸಿದ್ವಿ. ಅಷ್ಟೇ."

"ಬೇಜಾರಾತು ಅಂದವ್ರನ್ನ?"

"ಬೋರ್ ಅನ್ನೋ ಗುಂಪಿಗೆ ಹಾಕಿದ್ವಿ. ಮತ್ತೆಲ್ಲಿಗೆ ಹಾಕೋದು?"

"ದುಃಖ ಅಂತ ಒಂದು ಗುಂಪು ಇರಲಿಲ್ಲೇನ್ರಿ?"

"ಇತ್ತು. ಅದಕ್ಕೆ ಕನ್ನಡದವರು ಒಬ್ಬರೂ ಬೀಳಲಿಲ್ಲ. ಅದೂ ವರದಿಯಲ್ಲಿದೆ ಮೇಡಂ. ಕನ್ನಡಿಗರಿಗೆ ಬೇಜಾರು ಜಾಸ್ತಿ, ದುಃಖ ಬಹುತೇಕ ಇಲ್ಲ."

ವನಮಾಲಾ ಹಣೆಗೆ ಕೈ ಹಚ್ಚಿಕೊಂಡಳು. "ನಮ್ಮ ಮಂದಿ ಆಟ ಆಡಿ ಎದ್ದು 'ನನಗೆ ದುಃಖವಾಯಿತು' ಅಂತಾರೇನ್ರಿ ಸರ್? ದುಃಖ ಅನ್ನೂದು ಪೇಪರಿನ್ಯಾಗ ಸತ್ತವರ ಫೋಟೋದ ಕೆಳಗ ಬರೆಯೂ ಮಾತು. ಬಾಯಿಲೆ ಆಡೂದು ಬೇಜಾರ. ಕರುಳು ಚುರ್ ಅಂದವ್ರನ್ನೆಲ್ಲಾ ನೀವು ತೂಕಡಿಸಿದವ್ರ ಜೋಡಿ ಕೂಡಿಸಿಬಿಟ್ಟೀರಿ. ಅದಕ್ಕ ಗೋಡಿಗೆ ನಕ್ಷಾ ಬ್ಯಾರೆ ಹಾಕೀರಿ."

ಪ್ರಭಂಜನನ ಮುಖ ಬಾಡಿತು. "ಇಷ್ಟು ವರ್ಷದ ಕೆಲಸಾನ ಒಂದೇ ಮಾತಲ್ಲಿ ತಳ್ಳಿಹಾಕಿಬಿಟ್ರಿ. ನನಗೆ ನಿಜವಾಗಲೂ ಬೇಜಾರಾಯ್ತು ಮೇಡಂ."

"ಯಾವ ಬೇಜಾರ್ರೀ?"

ಪ್ರಭಂಜನನ ಮಣಿಕಟ್ಟಿನ ಗಾಜಿನ ಮೇಲೆ ಅಂಕ ಇಳಿಯುತ್ತ ಇಳಿಯುತ್ತ ಎರಡಕ್ಕೆ ಬಂದು ನಿಂತು, ಪಕ್ಕದಲ್ಲಿ 'ಬೋರ್' ಎಂದು ತೋರಿಸುತ್ತಿತ್ತು. ಅವನು ಅದನ್ನು ಬೆರಳಿನಿಂದ ತಟ್ಟಿ ನೋಡಿದ.

"ನನಗೆ ಬೋರ್ ಆಗಿಲ್ಲ," ಎಂದ ಕೊನೆಗೆ, ಯಂತ್ರಕ್ಕೆ ಹೇಳುವ ಹಾಗೆ.

ಪ್ರಾಮಾಣಿಕ ಎಂದೆನಲ್ಲ, ಆಮೇಲೆ ಅವನು ತಡಮಾಡಲಿಲ್ಲ. ಕನ್ನಡದ 'ಬೇಜಾರು' ಗುಂಪನ್ನು ದುಃಖಕ್ಕೆ ಬದಲಿಸಿ, ಅದಕ್ಕೆ ಅಂಕ ಕಳೆಯುವ ಬದಲು ಕೂಡಿಸುವಂತೆ ಮಾಡಿ, ವನಮಾಲಾ ಆ ವಾರ ಆಡಿದ ಆಟಗಳನ್ನು ಇನ್ನೊಮ್ಮೆ ಓಡಿಸಿದ. 'ಲಾಟೀನು' ಎರಡೂ ಮೂರರಿಂದ ಒಂಬತ್ತೂ ಎರಡಕ್ಕೆ ಹಾರಿತು. ವನಮಾಲಾ ಪರದೆಯ ಹತ್ತಿರ ಬಗ್ಗಿ ಅಂಕವನ್ನು ಇನ್ನೊಮ್ಮೆ ಓದಿದಳು. ಮೌಲಾಲಿಗೆ ಹೇಗೆ ಹೇಳುವುದು ಎಂದು ಮನಸ್ಸಿನಲ್ಲೇ ಮಾತು ಜೋಡಿಸತೊಡಗಿದಳು.

"ಮೇಡಂ, ಇಲ್ಲಿ ನೋಡಿ, ಇನ್ನೂ ದೊಡ್ಡದು ಬಂತು. 'ಮಹಾ ಗೋದಾಮು'. ಒಂಬತ್ತೂ ಏಳು."

ಯಂತ್ರ ಅಂಕದ ಜೊತೆ ತಾನೇ ಬರೆಯುವ ಒಂದು ಸಾಲಿನ ಹೊಗಳಿಕೆ ಪರದೆಯ ಮೇಲೆ ಮೂಡಿತು: 'ಚೀಲದ ಮೇಲೆ ಚೀಲ ಒಟ್ಟುತ್ತ ಅಂತರಂಗವನ್ನೇ ಕಲಕಿಬಿಡುವ ಮಹಾಕೃತಿ.'

"ಸರ್, ಆ ಆಟ ಆಡ್ಕೋತ ನಾ ನಿದ್ದಿ ಹೊಡದೇನಿ."

"ಬೆರಳು ಅಲ್ಲಾಡಿಲ್ಲ, ಉಸಿರು ನಿಧಾನ, ಕಣ್ಣಲ್ಲಿ ನೀರು," ಪ್ರಭಂಜನ ಎರಡೂ ಆಟಗಳ ಮೈಲಕ್ಷಣದ ಗೆರೆಗಳನ್ನು ಒಂದರ ಮೇಲೊಂದು ಇಟ್ಟು ನೋಡಿದ. ಕೂದಲೆಳೆಯಷ್ಟೂ ವ್ಯತ್ಯಾಸವಿರಲಿಲ್ಲ. "ಎರಡೂ ಒಂದೇ ಮೇಡಂ. ಮೈಗೆ ಎರಡೂ ಒಂದೇ."

ತಪ್ಪು ಭಾಷೆಯದು, ಇಲ್ಲವೇ ಭಾಷೆ ತಿಳಿಯದ ಯಂತ್ರದ್ದು ಎಂದು ವನಮಾಲಾ ತಿಳಿದಿದ್ದಳು. ಮೈಯೂ ಕನ್ನಡದ ಹಾಗೇ ಎರಡಕ್ಕೂ ಒಂದೇ ಗುರುತು ಇಟ್ಟುಕೊಂಡಿತ್ತು.

"ಹಾಗಾದ್ರೆ ವ್ಯತ್ಯಾಸ ಎಲ್ಲಿದೆ?" ಪ್ರಭಂಜನ ನಿಜವಾಗಿಯೂ ಕೇಳಿದ.

"ನನ್ನ ಕೇಳ್ರಿ. ಅಷ್ಟs. ಈ ಆಟ ಯಾವ ಬೇಜಾರ ಕೊಟ್ಟಿತು, ಯಾಕ ಕೊಟ್ಟಿತು ಅಂತ ಕೇಳ್ರಿ. ಹೇಳ್ತೀನಿ."

"ಕೇಳೋಕೆ ವ್ಯವಸ್ಥೆನೇ ಇಲ್ಲ ಮೇಡಂ. ಕೇಳಿದ್ರೆ ಅಭಿಪ್ರಾಯ ಆಗುತ್ತೆ. ನಾವು ಅಭಿಪ್ರಾಯ ಮಾರೋಲ್ಲ." ಅವನ ದನಿಯಲ್ಲಿ ಸೊಕ್ಕಿರಲಿಲ್ಲ, ದಣಿವಿತ್ತು. "ಹೀಗೇ ಬಿಟ್ರೆ ನಾಳೆಯಿಂದ ನಿದ್ದೆ ಬರಿಸೋ ಆಟಗಳೆಲ್ಲ ಮೇಲಕ್ಕೆ ಬರ್ತವೆ. ಹಳೇದಕ್ಕೇ ವಾಪಸ್ ಹಾಕ್ತೀನಿ. ಹೆಬ್ಬೆಟ್ಟು ಒತ್ತಿ."

ಗಾಜು ಹಸಿರಾಗಿ ಬೆಳಗಿತು. ಎರಡೂ ಮೂರು. ಈ ಮೈ ನನ್ನದು, ಇದು ಪಟ್ಟದ್ದು ನಿಜ. ಒತ್ತಿದರೆ ಬಂಗಾರದ ಗೂಡು, ಕುಣಿಯುವ ಬಾಣ, ನಾಣ್ಯದ ಮಳೆ. ಮೈ ಪಟ್ಟದ್ದು ನಿಜವೇ. ಅದರ ಅರ್ಥ ಮಾತ್ರ ಅವಳ ಬಾಯಲ್ಲಿತ್ತು, ಆ ಬಾಯನ್ನು ಯಾರೂ ಬಾಡಿಗೆಗೆ ತೆಗೆದುಕೊಂಡಿರಲಿಲ್ಲ.

"ಒತ್ತಂಗಿಲ್ರಿ."

"ಒತ್ತದಿದ್ರೆ ಅಂಕ ಇಲ್ಲ. ಅಂಗಡಿಗೂ ಹೋಗಲ್ಲ ಆಟ. ನಿಮ್ಮನ್ನೂ ಇಟ್ಕೊಳ್ಳೋಕಾಗಲ್ಲ ಮೇಡಂ."

"ದುರಸ್ತಿ?"

"ಅಂಕ ಇಲ್ಲದೆ ದುರಸ್ತಿನೂ ಇಲ್ಲ. ಹೇಗಿದೆಯೋ ಹಾಗೆ ಅವರಿಗೆ ವಾಪಸ್ ಹೋಗುತ್ತೆ."

"ಅಷ್ಟs ಬೇಕಿತ್ರಿ," ಎಂದು ವನಮಾಲಾ ಕೊರಳಿನ ಚೀಟಿ ತೆಗೆದು ಗಾಜಿನ ಮೇಲಿಟ್ಟಳು. ಯಂತ್ರ ಅದನ್ನು ಹೆಬ್ಬೆಟ್ಟೆಂದು ತಿಳಿದು ಎರಡು ಸಲ ಓದಲು ನೋಡಿ ಸೋತು ಕೂಗಿಕೊಂಡಿತು. ಪ್ರಭಂಜನ ಅದನ್ನು ಆರಿಸಿದ. ಅವಳು ಬಾಗಿಲಿಗೆ ಬಂದಾಗ ಹಿಂದಿನಿಂದ ಮೆಲ್ಲಗೆ ಕೇಳಿದ: "ಆ ಲಾಟೀನು ಆಟ, ಅಷ್ಟು ಚೆನ್ನಾಗಿದೆಯಾ?"

"ಬರದು ಹಾಕ್ತೀನಿ. ಓದ್ರಿ."

ಮೌಲಾಲಿ ಅದೇ ಬೆಂಚಿನ ಮೇಲಿದ್ದ. ವನಮಾಲಾ ಅವನ ಪಕ್ಕದಲ್ಲಿ ಕೂತು ಎರಡು ಚಹಾ ಹೇಳಿದಳು.

"ಮೊನ್ನೆ ಯಾವ ಕಲ್ಲಿಗೆ ಪಟ್ಟಿ ಕಟ್ಟಿದ್ರೋ ಅಂದ್ರಲ್ಲಾ, ಆ ಕಲ್ಲು ನಾನs."

ಮೌಲಾಲಿ ಬೆಚ್ಚಿ ಎದ್ದೇಬಿಟ್ಟ. "ತಪ್ಪಾತ್ರಿ ಮೇಡಂ, ನನಗ ಗೊತ್ತಿರಲಿಲ್ಲ."

"ಕೂಡ್ರಿ." ನಡೆದದ್ದನ್ನೆಲ್ಲ ಅವಳು ಹೇಳಿದಳು. ಆಟ ಉಳಿಯಿತು, ಅಂಗಡಿ ತಪ್ಪಿತು ಎಂಬುದನ್ನೂ ಮುಚ್ಚಿಡಲಿಲ್ಲ. ಮೌಲಾಲಿ ಆರಿದ ಚಹಾವನ್ನು ಒಂದೇ ಗುಟುಕಿಗೆ ಕುಡಿದು ಲೋಟ ಕೆಳಗಿಟ್ಟ. ನಂತರ ಒಂದೇ ಮಾತು ಕೇಳಿದ, ಇಷ್ಟು ದಿನ ಯಾರನ್ನೂ ಕೇಳಲಾಗದಿದ್ದ ಮಾತು.

"ಆ ಫ್ಲ್ಯಾಟಿನ್ಯಾಗ ಎಷ್ಟು ಹೊತ್ತು ಹುಡುಕಿದ್ರೀ?"

"ಕಡೀತನಕ. ಮರುದಿನ ಮುಂಜಾನೆನೂ ಹುಡುಕಿದೆ, ನಮ್ಮ ಅಡಿಗಿಮನ್ಯಾಗ."

ಮೌಲಾಲಿ ತಲೆ ತಗ್ಗಿಸಿ ಎರಡು ಸಲ ಆಡಿಸಿದ. ಹೊರಡುವಾಗ ಆಟದ ಪ್ರತಿಯೊಂದನ್ನು ಅವಳ ಕೈಗಿಟ್ಟ.

ಅಂದು ಸಂಜೆ ಅಡುಗೆಮನೆಯ ಪಕ್ಕದ ಮೇಜಿನ ಮೇಲೆ ವನಮಾಲಾ ಆರು ವರ್ಷಗಳ ನಂತರ ಬರೆಯಲು ಕೂತಳು. ಕೆಲಸ ಬಿಟ್ಟು ಬಂದದ್ದನ್ನು ಕೇಳಿ ಚನ್ನವೀರ ಮಣಿಕಟ್ಟಿನ ಪಟ್ಟಿಯನ್ನೊಮ್ಮೆ ನೋಡಿಕೊಂಡಿದ್ದ. ತನಗೆ ಹೇಗನ್ನಿಸುತ್ತಿದೆ ಎಂದು ತಿಳಿಯಲಿಕ್ಕೇ ಇರಬೇಕು. ಪಡಸಾಲೆಯಲ್ಲಿ ಬಸಲಿಂಗವ್ವ, ಧಾರಾವಾಹಿಗೆ ಇನ್ನೂ ಹೊತ್ತಿದೆಯೆಂದು, ಸೊಸೆ ಹಚ್ಚಿಕೊಟ್ಟ 'ಲಾಟೀನು' ಆಡುತ್ತಿದ್ದರು. ಮೊದಮೊದಲು ಗುಂಡಿಗಳು ತಪ್ಪಿ ಪಾತ್ರೆಗಳೆಲ್ಲ ಉರುಳಿ ಬಿದ್ದು, "ಏ ಸುಡಗಾಡ, ಎಲ್ಲಿ ಹೊಂಟಿ" ಎಂದು ತಪ್ಪೇಲಿಯನ್ನು ಬೈಯುತ್ತಿದ್ದುದು ಕೇಳಿಸುತ್ತಿತ್ತು.

ವನಮಾಲಾ ಬರೆದಳು: 'ಈ ಆಟದ ಕೊನೆಯಲ್ಲಿ ನಿಮ್ಮ ಕೈಯಲ್ಲೊಂದು ಲಾಟೀನು ಉಳಿಯುತ್ತದೆ, ಇಡಲು ಜಾಗವಿರುವುದಿಲ್ಲ. ಕೆಲವರು ಇಲ್ಲಿ ಸಿಟ್ಟಿಗೇಳುತ್ತಾರೆ. ಓಟವೇ ಬೇಕೆನ್ನುವವರಿಗೆ ಇದು ಹೇಳಿಸಿದ ಆಟವಲ್ಲ. ಪಾತ್ರೆ ತುಂಬುವ ಭಾಗ ಉದ್ದವಾಯಿತು, ಅದನ್ನು ಮೌಲಾಲಿ ನದಾಫ ಮೊಟಕು ಮಾಡಬಹುದಿತ್ತು. ಆದರೆ ಆ ಲಾಟೀನು ಹಿಡಿದು ತಿರುಗುವಾಗ ನನಗೆ—' ಅಲ್ಲಿಗೆ ಕೈ ನಿಂತಿತು. ದುಃಖವಾಯಿತು ಎಂದು ಬರೆದು ಹೊಡೆದುಹಾಕಿದಳು. ಮನ ಕಲಕಿತು ಎಂದು ಬರೆದು, ಅದು ಯಂತ್ರದ ಬಾಯಿಯ ಮಾತೆಂದು ನೆನಪಾಗಿ ಅಸಹ್ಯಪಟ್ಟು ಅದನ್ನೂ ಹೊಡೆದುಹಾಕಿದಳು. ಇದ್ದದ್ದು ಒಂದೇ ಪದ, ಅದನ್ನು ಬರೆದರೆ ಓದುವವರಿಗೆ ಯಾವುದೆಂದು ಹೇಗೆ ಗೊತ್ತಾಗಬೇಕು?

ಪಡಸಾಲೆಯಲ್ಲಿ ಸದ್ದು ನಿಂತಿತ್ತು. ಬಗ್ಗಿ ನೋಡಿದರೆ ಬಸಲಿಂಗವ್ವ ಗುಂಡಿಗಳ ಮೇಲೆ ಬೆರಳು ಬಿಟ್ಟು, ಕಪ್ಪಾದ ಪರದೆಯನ್ನು ನೋಡುತ್ತ ಕೂತಿದ್ದರು. ಚನ್ನವೀರ ಯಾವಾಗಲೋ ಅವರ ಕೈಗೂ ಪಟ್ಟಿ ಕಟ್ಟಿದ್ದ, ಈಗ ಬಗ್ಗಿ ಓದಿದ.

"ಒಂದೂ ಒಂಬತ್ತು. ಅವ್ವಾ, ಬೇಜಾರಾತೇನು?"

"ಭಾಳ ಬೇಜಾರಾತೋ," ಎಂದರು ಬಸಲಿಂಗವ್ವ. ಮೂಗು ಒರೆಸಿಕೊಂಡರು. "ಇನ್ನೊಮ್ಮೆ ಹಚ್ಚು."